ಹಿಂದಿನ ಸೀಟಿನ ಅಡಿ ಬರೆದ ಹೆಸರು

ಯಾವನಯ್ಯ ಅವನು, ವರ್ಜಿಲ್ ಟ್ಯಾಕೆಟ್‌ಗೆ ಮರೆವು ಅಂದೋನು?

ನೀನೇ ತಾನೆ! ಮೊನ್ನೆ ಕಳಿಸಿದ ವಾಯ್ಸ್ ನೋಟಿಗೆ ನಗೋ ಮುಖ ಹಾಕಿದ್ದೀಯ, ನೋಡಿದೆ. ಎಪ್ಪತ್ತೊಂಬತ್ತು ನನಗೆ. ಬೆಳಿಗ್ಗೆ ಮಾತ್ರೆ ನುಂಗಿದ್ನೋ ಇಲ್ವೋ ನೆನಪಿಲ್ಲ, ಒಪ್ಕೋತೀನಿ. ಆದ್ರೆ ನನ್ನ ಪಕ್ಕೆಗೆ ಪಿಸ್ತೂಲು ಒತ್ತಿದೋನ ಬಾಯಿಂದ ಯಾವ ವಾಸನೆ ಬರ್ತಿತ್ತು ಅಂತ ಇವತ್ತೂ ಹೇಳ್ತೀನಿ.

ಈರುಳ್ಳಿ!

ಬಾಯಿ ಮುಚ್ಕೊಂಡು ಕೇಳು.

ಆರು ವರ್ಷದ ಹಿಂದೆ. ಆಗಸ್ಟ್ ಶನಿವಾರ, ಮಟಮಟ ಮಧ್ಯಾಹ್ನ. ಡೆಟ್ರಾಯ್ಟಿನ ವುಡ್‌ವರ್ಡ್ ರಸ್ತೆ. ನಾನು ಎಪ್ಪತ್ತನೇ ಇಸವಿಯ ಡಾಡ್ಜ್ ಚಾಲೆಂಜರ್ ಓಡಿಸ್ತಿದ್ದೆ.

ಕದ್ದ ಕಾರು.

ಮೊದಲು ಕದ್ದೋನು ಲಾನಿ ಸ್ಕ್ಯಾಗ್ಸ್. ನಂಬರ್ ತಗಡು ಬದಲಾಯಿಸಿ, ಕೆಂಪು ಬಣ್ಣ ಬಳಿದು, ತನ್ನ ಹೆಸರಿಗೆ ಕಾಗದ ಮಾಡಿಸ್ಕೊಂಡಿದ್ದ. ಅವನ ಗ್ಯಾರೇಜಿಂದ ವಾಪಸ್ ಕದ್ದೋನು ನಾನು. ಕಾರಿನ ಒಡತಿ ಇರ್ಮಾ ನೊವಿಟ್ಸ್ಕಿ. ಗಂಡ ಟೆಡ್ ತೀರಿಹೋಗಿ ಎರಡು ವರ್ಷ. ಕಾರ್ಖಾನೆಯಲ್ಲಿ ಟೆಡ್ ತಾನೇ ಬೋಲ್ಟು ಬಿಗಿದು, ಆಮೇಲೆ ತಾನೇ ಕೊಂಡ ಕಾರು ಅದು. ಆಯಮ್ಮನಿಗೆ ಅವನದು ಅಂತ ಉಳಿದಿದ್ದು ಅದೊಂದೇ, ಹುಡುಕಿಕೊಡು ಅಂತ ನನ್ನ ಹತ್ರ ಬಂದಿದ್ಲು.

"ಈ ಕೇಸು ಬೇಡ ಬಿಡಿ," ಅಂದಿದ್ಲು ನನ್ನ ಹೆಂಡತಿ. ಯಾಕೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ದೊಡ್ಡ ಪತ್ತೇದಾರ ನೋಡು!

ನನ್ನ ಪ್ಲಾನ್ ಏನು ಗೊತ್ತಾ? ಅವತ್ತು ವುಡ್‌ವರ್ಡಲ್ಲಿ ಹಳೇ ಕಾರುಗಳ ಜಾತ್ರೆ. ಸಾವಿರಾರು ಕಾರು. ಅದರ ನಡುವೆ ಹೊಕ್ಕರೆ ಯಾವನಿಗೆ ಸಿಗ್ತೀನಿ? ಟೆಡ್‌ನ ಹಳೇ ಗೆಳೆಯರು ಪ್ರತಿ ವರ್ಷ ಒಂದೇ ಮೂಲೇಲಿ ಕುರ್ಚಿ ಹಾಕ್ಕೊಂಡು ಕೂರ್ತಾರೆ. ಇರ್ಮಾನೂ ಅಲ್ಲೇ. ಅಲ್ಲಿಗೆ ಮುಟ್ಟಿಸಿದ್ರೆ ಗೆದ್ದೆ.

ಭಾರೀ ಪ್ಲಾನು!

ಆದ್ರೆ ಟ್ರಾಫಿಕ್ಕು ಲೆಕ್ಕಕ್ಕೆ ತಗೊಂಡಿರಲಿಲ್ಲ. ನೂರೈವತ್ತು ಮೈಲಿ ತೋರಿಸೋ ಮೀಟರು... ಮುಳ್ಳು ಮೇಲಕ್ಕೇ ಏಳ್ತಿಲ್ಲ. ಒಂದು ಮಗು ಸೈಕಲ್ಲಲ್ಲಿ ನನ್ನನ್ನ ಓವರ್‌ಟೇಕ್ ಮಾಡ್ತು.

ಹಿಂದೆ ನೋಡ್ತೀನಿ... ಲಾನಿ! ನಡ್ಕೊಂಡು ಬರ್ತಿದ್ದಾನೆ.

"ಏನ್ ವರ್ಜಿಲ್, ಭಾಳ ಅವಸರಾನಾ?"

"ನಿನ್ನಿಂದ ತಪ್ಪಿಸ್ಕೊಂಡು ಓಡ್ತಿದೀನಿ ಕಣೋ."

"ಓಡು ಓಡು. ಒಂದು ಹಾಟ್‌ಡಾಗ್ ತಗೊಂಡು ಬರ್ತೀನಿ."

ಹೋದ. ಕ್ಯೂ ನಿಂತ. ಈರುಳ್ಳಿ ಜಾಸ್ತಿ ಹಾಕಿಸ್ಕೊಂಡ. ಬಂದ. ಅಷ್ಟರಲ್ಲಿ ನಾನು ಎರಡು ಕಾರಿನಷ್ಟು ಮುಂದೆ ಹೋಗಿದ್ದೆ!

ಆ ಕಡೆ ಬಾಗಿಲಿಗೆ ಲಾಕ್ ಇರಲಿಲ್ಲ. ಒಳಗೆ ಕೂತ. ಒಂದು ಕೈಲಿ ಹಾಟ್‌ಡಾಗು, ಇನ್ನೊಂದು ಕೈಲಿ ಪಿಸ್ತೂಲು.

"ಮುಂದಿನ ತಿರುವಲ್ಲಿ ಬಲಕ್ಕೆ ತಗೋ. ಕೆಮ್ಮಿದ್ರೂ ಸುಡ್ತೀನಿ."

ಇರ್ಮಾ ಕೂರೋ ಮೂಲೆಗೆ ಇನ್ನು ನಲವತ್ತು ಹೆಜ್ಜೆ. ತಿರುವಿಗೆ ಇಪ್ಪತ್ತು.

ರಸ್ತೆ ಪಕ್ಕದಿಂದ ಒಬ್ಬ ಮುದುಕ ಕೂಗಿದ, "ನಮ್ಮ ಭಾವನ ಹತ್ರ ಇಂಥದ್ದೇ ಇತ್ತು! ಮಾರಿಬಿಟ್ಟ, ಕತ್ತೆ! ಇವತ್ತಿಗೂ ಅಳ್ತಾನೆ! ಯಾವ ಇಂಜಿನ್ ಅದು?"

"ನಾನೂರ ನಲವತ್ತು!" ಅಂದ ಲಾನಿ. ಪಿಸ್ತೂಲು ನನ್ನ ಪಕ್ಕೇಲಿ, ತಲೆ ಕಿಟಕಿ ಆಚೆ. "ಒರಿಜಿನಲ್ಲು!"

ಅದೇ ನೋಡು ಈ ಕಾರುಗಳ ಮಾಟ. ಕೊಲೆ ಮಾಡೋಕೆ ಬಂದೋನೂ ನಿಂತು ಇಂಜಿನ್ ಬಗ್ಗೆ ಮಾತಾಡ್ತಾನೆ.

ಅಷ್ಟರಲ್ಲಿ ಬಾನೆಟ್ಟಿಂದ ಆವಿ... ಬುಸ್ಸ್! ನಿಂತಲ್ಲೇ ನಿಂತು ಇಂಜಿನ್ ಕಾದುಬಿಟ್ಟಿತ್ತು.

"ಆಫ್ ಮಾಡೋ ಮುಠ್ಠಾಳ! ಇಂಜಿನ್ ಹೆಡ್ಡು ಬಿರುಕು ಬಿಡುತ್ತೆ!"

ಲಾನಿ ಚಂಗನೆ ಇಳಿದು ಬಾನೆಟ್ಟಿಗೆ ಓಡಿದ. ಪಿಸ್ತೂಲು ಸೀಟಿನ ಮೇಲೇ ಬಿಟ್ಟು!

ನಾನೇನ್ ಮಾಡ್ದೆ? ಗುರಿ ಇಟ್ನಾ? ಇಲ್ಲಪ್ಪ. ಇಳಿದು ಹೋಗಿ ಆ ಮುದುಕನ ಐಸ್ ಡಬ್ಬಕ್ಕೆ ಅದನ್ನ ಹಾಕ್ದೆ. "ಬಿಯರ್ ಬೇಕಾ?" ಅಂದ ಅವನು.

ಆವಿ ನೋಡಿ ಪೊಲೀಸ್ ಆಫೀಸರ್ ಪ್ರೂಯಿಟ್ ಬಂದ್ಲು. ಟೆಡ್‌ನ ಗೆಳೆಯ ಸ್ಟಾಶ್ ಬಂದ. ಕೋಲು ಊರ್ಕೊಂಡು ಇರ್ಮಾ ಬಂದ್ಲು. ಇಂಜಿನ್ ಸದ್ದಲ್ಲೇ ಗುರುತು ಹಿಡಿದಿದ್ಲು.

ಲಾನಿ ಜೇಬಿಂದ ಕಾಗದ ತೆಗೆದ. ಎಲ್ಲಾ ಸರಿಯಾಗಿತ್ತು!

"ಹಿಂದಿನ ಸೀಟು ಎತ್ತಿ!" ಅಂದೆ ನಾನು. "ಕಾರ್ಖಾನೇಲಿ ಟೆಡ್ ಮತ್ತೆ ಅವನ ಗೆಳೆಯರು ಅದರಡಿ ಏನೋ ಬರೆದಿದ್ದಾರೆ ಅಂತ ಇರ್ಮಾ ಹೇಳಿದ್ದಾಳೆ."

ಪ್ರೂಯಿಟ್ ಚುರುಕು ಹೆಂಗಸು. "ಎತ್ತೋಣ. ಅದಕ್ಕೆ ಮುಂಚೆ ಏನು ಬರೆದಿದೆ ಅಂತ ಹೇಳಿ, ಇಬ್ರೂ."

"ಅದು... ಕಾರ್ಖಾನೆ ನಂಬರು," ಅಂದ ಲಾನಿ.

ಸ್ಟಾಶ್ ಮುಖ ಬಿಳಿಚ್ಕೊಳ್ತು. "ಬಿಟ್ಬಿಡು ಇರ್ಮಾ. ಹೋದ್ರೆ ಹೋಗ್ಲಿ ಕಾರು."

"ಸುಮ್ನಿರೋ ಸ್ಟಾಶ್. ನಿನ್ನ ಅಕ್ಷರಾನೂ ಇದೆ ಅಲ್ಲಿ." ಇರ್ಮಾ ಪ್ರೂಯಿಟ್ ಕಡೆ ತಿರುಗಿದ್ಲು. "ಬಿಳಿ ಪೆನ್ಸಿಲಲ್ಲಿ ನಾಲ್ಕು ಗಂಡಸರ ಹೆಸರು. ಪಕ್ಕದಲ್ಲಿ ಒಂದು ಹೃದಯ, ಅದರೊಳಗೆ ಟೆಡ್ ಮತ್ತೆ ಒಬ್ಬಳು ಹುಡುಗಿ. ನಾನಲ್ಲ."

"ನಿಮಗೆ ಹೇಗೆ ಗೊತ್ತು?" ಅಂದ್ಲು ಪ್ರೂಯಿಟ್.

"ಎಪ್ಪತ್ನಾಲ್ಕರಲ್ಲಿ ನನ್ನ ಕಿವಿ ಓಲೆ ಬಿದ್ದುಹೋಗಿತ್ತು, ಹುಡುಕೋಕೆ ಸೀಟು ಎತ್ತಿದ್ದೆ."

"ಟೆಡ್‌ನ ಕೇಳಲಿಲ್ವಾ?" ಅಂದ್ಲು ಪ್ರೂಯಿಟ್, ಮೆಲ್ಲಗೆ.

"ಯಾಕೆ ಕೇಳ್ಲಿ? ವಾರವಾರ ಆ ಸೀಟಿನ ಮೇಲೆ, ಅಂದ್ರೆ ಅವಳ ತಲೆ ಮೇಲೆ, ಆಲೂಗಡ್ಡೆ ಮೂಟೆ ಇಟ್ಕೊಂಡು ಬರ್ತಿದ್ದೆ. ಹಾಯಾಗಿತ್ತು!"

"ಹುಡುಗಿ ಹೆಸರು?"

"ಕ್ಲೋಟಿಲ್ಡಾ."

ಪ್ರೂಯಿಟ್ ಸೀಟು ಎತ್ತಿದ್ಲು. ನಾಲ್ಕು ಹೆಸರು. ಹೃದಯ. ಕ್ಲೋಟಿಲ್ಡಾ.

ಲಾನಿ ಕೈಗೆ ಬೇಡಿ ಬಿತ್ತು. ಕೀಲಿ ಇರ್ಮಾ ಕೈಗೆ ಬಂತು. ರಸ್ತೆ ತುಂಬಾ ಶಿಳ್ಳೆ, ಚಪ್ಪಾಳೆ! ನಾನೊಬ್ಬನೇ ಬಾಯಿ ತೆರ್ಕೊಂಡು ನಿಂತಿದ್ದೆ.

ನಲವತ್ತು ವರ್ಷ ಊರಿನವರ ಗುಟ್ಟು ಹುಡುಕಿದ ಪತ್ತೇದಾರ ನಾನು. ಇಡೀ ಡೆಟ್ರಾಯ್ಟಲ್ಲಿ ಕ್ಲೋಟಿಲ್ಡಾ ಅನ್ನೋಳು ನನಗೆ ಗೊತ್ತಿದ್ದಿದ್ದು ಒಬ್ಬಳೇ.

ಅವತ್ತು ಬೆಳಿಗ್ಗೆ ನಮ್ಮ ಅಡುಗೆಮನೇಲಿ ನನಗೆ ಮೊಟ್ಟೆ ಹುರಿದುಕೊಟ್ಟಿದ್ಲು.

ಈಗ ಗೊತ್ತಾಯ್ತಾ ನನಗೆ ಮರೆವಿಲ್ಲ ಅಂತ? ಈ ನೋಟನ್ನ ಗೊತ್ತಿರೋರಿಗೆಲ್ಲ ಕಳಿಸು... ನಮ್ಮ ಮನೆ ನಂಬರಿಗೆ ಮಾತ್ರ ಬೇಡ. ನಾಳೆ ಬೆಳಿಗ್ಗೇನೂ ನನಗೆ ಮೊಟ್ಟೆ ಬೇಕು!