ಹಿಮದಲ್ಲಿ ಹಿಡಿದ ಜಾಗ

ಆ ಸಂಜೆ ಕೆಲಸ ಮುಗಿಸಿ ಬಂದವಳು ಕಾರಿನಲ್ಲೇ ಕೂತು ಬಾಯಿ ಬಿಟ್ಟುಕೊಂಡು ನೋಡಿದೆ. ನನ್ನ ಕಾರು ನಿಲ್ಲಬೇಕಾದ ಜಾಗದಲ್ಲಿ ಮೇಣದಬತ್ತಿಗಳು ಉರಿಯುತ್ತಿದ್ದವು. ಸುತ್ತ ಗುಲಾಬಿ ಹೂಗಳು. ಕೆಲವು ಹೆಂಗಸರು ಆ ಚಳಿಯಲ್ಲೂ ಮೊಣಕಾಲೂರಿ ಜಪಸರ ಹಿಡಿದಿದ್ದರು. ಎಲ್ಲರ ನಡುವೆ, ನಮ್ಮ ನೆಲಮಾಳಿಗೆಯಲ್ಲಿದ್ದ ಮಾತೆ ಮರಿಯಮ್ಮನ ಪ್ರತಿಮೆ.

ತಪ್ಪು ನನ್ನ ಅಮ್ಮನದು. ಶಿಕಾಗೋದ ನಮ್ಮ ಬೀದಿಯಲ್ಲಿ ಹಿಮ ಬಗೆದು ಕಾರಿಗೆ ಜಾಗ ಮಾಡಿಕೊಂಡವರು ಅಲ್ಲೊಂದು ಹಳೇ ಕುರ್ಚಿ ಇಡುವುದು ರೂಢಿ. ಹಿಮ ಕರಗುವ ತನಕ ಆ ಜಾಗ ಅವರದು. ಹೋದ ಚಳಿಗಾಲ ಯಾರೋ ಪುಣ್ಯಾತ್ಮರು ನಮ್ಮ ಕುರ್ಚಿಯನ್ನೇ ಎತ್ತಿಕೊಂಡು ಹೋಗಿದ್ದರು. ಅದಕ್ಕೇ ಅಮ್ಮ ಈ ಸಲ ಯಾರೂ ಮುಟ್ಟಲಾರದ್ದನ್ನು ಇಟ್ಟಿದ್ದಳು. ಆ ಪ್ರತಿಮೆ ನಮ್ಮದೇನಲ್ಲ. ನಮಗೆ ಮನೆ ಮಾರಿದ ಲಿಥುವೇನಿಯಾದವರು ಬಿಟ್ಟುಹೋದದ್ದು. ಅವರಿಗೆ ಅದು ಅವರಿಗಿಂತ ಮೊದಲಿದ್ದ ಜೆಕ್ ಸಂಸಾರದಿಂದ ಬಂದಿತ್ತಂತೆ. ಈ ಬೀದಿಯೇ ಹಾಗೆ, ಹೊರಡುವವರು ಭಾರದ್ದನ್ನೆಲ್ಲ ಬರುವವರ ಕೊರಳಿಗೆ ಕಟ್ಟಿ ಹೋಗುತ್ತಾರೆ.

"ಇದೆಲ್ಲ ಯಾರು ಮಾಡಿದ್ದು?" ಎಂದು ಕಾರಿಳಿದು ಕೇಳಿದೆ.

ಗುಂಪಿನಿಂದ ಎದುರು ಮನೆಯ ಎಫ್ರಾಯಿನ್ ಎದ್ದು ಬಂದ. ಶಾಲೆಯ ಬಸ್ಸು ಓಡಿಸುವವನು. ಅವನ ರೆಪ್ಪೆಗಳ ಮೇಲೆ ಹಿಮದ ಹುಡಿ ಕೂತಿತ್ತು. ನನಗೆ ಸಿಟ್ಟು ಬಂದಿದ್ದರೂ ಅದು ಕಣ್ಣಿಗೆ ಬಿತ್ತು.

"ನಮ್ಮಜ್ಜಿ. ಬೆಳಿಗ್ಗೆ ಪರದೆ ಸರಿಸಿದ್ರೆ ಹಿಮದ ಮಧ್ಯೆ ಮರಿಯಮ್ಮ! ಮನೆ ಚಪ್ಪಲೀಲೇ ಅಳ್ತಾ ಓಡಿ ಬಂದ್ಲು."

"ಅಯ್ಯೋ, ಅದು ಕುರ್ಚಿ ಬದ್ಲಿಗೆ ಇಟ್ಟಿದ್ದು ಕಣ್ರೀ!"

"ನಂಗೊತ್ತು. ಧೈರ್ಯ ಇದ್ರೆ ನೀವೇ ಅಜ್ಜಿಗೆ ಹೇಳಿ."

ಎಲೋದಿಯಾ ಅಜ್ಜಿ ನನ್ನ ಕಡೆ ತಿರುಗಿದರು. ಕಣ್ಣು ತುಂಬಿಕೊಂಡು ನನ್ನ ಎರಡೂ ಕೈ ಹಿಡಿದು ಮುತ್ತಿಟ್ಟರು. ಬಯ್ಯಬೇಕೆಂದಿದ್ದ ನನ್ನ ಬಾಯಿಂದ "ಹೂವು ಚೆನ್ನಾಗಿವೆ ಅಜ್ಜಿ" ಎಂದು ಬಂತು.

ಎಫ್ರಾಯಿನ್ ನಗು ಮುಚ್ಚಲು ಕೆಮ್ಮಿದ.

"ನಗ್ಬೇಡಿ. ನನ್ನ ಕಾರು ಎಲ್ಲಿ ನಿಲ್ಲಿಸ್ಲಿ, ನಿಮ್ಮ ತಲೆ ಮೇಲಾ?"

"ನಮ್ಮ ಹಿತ್ತಿಲ ಗ್ಯಾರೇಜಲ್ಲಿ. ನನ್ನ ಗಾಡಿ ಹೊರಗಿರ್ಲಿ ಬಿಡಿ. ಅಜ್ಜಿ ಮಾಡಿದ್ದಕ್ಕೆ ಮೊಮ್ಮಗನಿಗೆ ಶಿಕ್ಷೆ."

ಹೀಗೆ ನಾನು, ಪೋಲಿಷ್ ಮನೆಯ ಡೊರೋಟಾ, ಪ್ರತಿ ಸಂಜೆ ಒಂದು ಮೆಕ್ಸಿಕನ್ ಹಿತ್ತಿಲನ್ನು ದಾಟಿ ಮನೆಗೆ ಬರುವಂತಾಯಿತು.

ಅಮ್ಮ ಮೊದಲು ಕೂಗಾಡಿದಳು. ಆಮೇಲೆ ಯಾರೋ ಅವಳ ಕೈಗೆ ಜೋಳದ ಹಿಟ್ಟಿನ ಬಿಸಿ ಕಡುಬು, ತಮಾಲೆಯ ಪಾತ್ರೆ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಅಮ್ಮ ಆ ಜಾಗದ ಧರ್ಮದರ್ಶಿಯೇ ಆಗಿಬಿಟ್ಟಳು. ಎಲ್ಲಿ ಮೇಣದಬತ್ತಿ, ಎಲ್ಲಿ ಹೂವು, ಯಾರು ಮುಂದೆ, ಯಾರು ಹಿಂದೆ, ಎಲ್ಲ ಅವಳದೇ ಅಪ್ಪಣೆ. ಎಲೋದಿಯಾ ಅಜ್ಜಿ ಸ್ಪ್ಯಾನಿಷ್‌ನಲ್ಲಿ, ಅಮ್ಮ ಪೋಲಿಷ್‌ನಲ್ಲಿ ಅಕ್ಕಪಕ್ಕ ಕೂತು ಜಪಸರ ಹೇಳುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಮುಗಿದ ಮೇಲೆ ಇಬ್ಬರೂ ಮಂಡಿನೋವಿನ ಬಗ್ಗೆ ಬಹಳ ಹೊತ್ತು ಮಾತಾಡುತ್ತಿದ್ದರು.

ಇಷ್ಟೆಲ್ಲ ಇದ್ದರೂ ನಮ್ಮ ಮೆಟ್ಟಿಲ ಬಳಿ 'ಮನೆ ಮಾರಾಟಕ್ಕಿದೆ' ಎಂಬ ಬೋರ್ಡು ಹಾಗೇ ನಿಂತಿತ್ತು. ಬೀದಿಯ ಪೋಲಿಷ್ ಜನರೆಲ್ಲ ಊರಾಚೆಯ ಬಡಾವಣೆಗಳಿಗೆ ಹೋಗಿಯಾಗಿತ್ತು. ಅವರ ಹಿಂದೆ ಸಾಸೇಜಿನ ಅಂಗಡಿಯೂ ಹೋಯಿತು. ಕೊನೆಗೆ ಅಣ್ಣ ಲೆಶೆಕ್ ಕೂಡ. "ಇಲ್ಲಿ ನಮ್ಮವರು ಅಂತ ಯಾರಿದಾರೆ? ಹಿಮ ಕರಗ್ಲಿ, ಲೆಶೆಕ್ ಹತ್ರ ಹೋಗೋಣ" ಎಂದು ಅಮ್ಮ ಶರತ್ಕಾಲದಲ್ಲೇ ತೀರ್ಮಾನಿಸಿದ್ದಳು. ನಾನೂ ಆಗಲಿ ಅಂದಿದ್ದೆ. ಆಗ ನನಗೆ ಆ ಗ್ಯಾರೇಜಿನ ದಾರಿ ಗೊತ್ತಿರಲಿಲ್ಲ.

ಈಗ ಸಂಜೆಯಾಗುವುದನ್ನೇ ಕಾಯುತ್ತಿದ್ದೆ. ಕಾರಿನ ಸದ್ದಿಗೆ ಎಫ್ರಾಯಿನ್ ಹಿತ್ತಿಲ ಬಾಗಿಲು ತೆಗೆಯುತ್ತಿದ್ದ. ಯಾವಾಗಲೂ ಏನೋ ಕೆಲಸವಿದ್ದವನಂತೆ, ಕೈಯಲ್ಲಿ ಕಸದ ಚೀಲ ಹಿಡಿದು.

"ನಿಮ್ಮನೇಲಿ ಎಷ್ಟು ಕಸ ಆಗತ್ತೆ ಎಫ್ರಾಯಿನ್! ದಿನಾ ಇದೇ ಹೊತ್ತಿಗೇ ಚೀಲ ತುಂಬತ್ತಾ?"

"ತುಂಬಲ್ಲ. ಇದು ಖಾಲಿ ಚೀಲ." ಹಾಗೆ ನೇರವಾಗಿ ಹೇಳಿಬಿಟ್ಟ. ನನ್ನ ಕಿವಿ ಬಿಸಿಯಾಯಿತು.

ಇನ್ನೊಂದು ಸಂಜೆ ಕೇಳಿದ, "ನೀವು ದಂತವೈದ್ಯರ ಹತ್ರ ಹಲ್ಲು ಕ್ಲೀನ್ ಮಾಡೋರಲ್ವಾ? ನಾನು ನಕ್ಕಾಗ ನನ್ನ ನೋಡ್ತೀರೋ, ಹಲ್ಲು ನೋಡ್ತೀರೋ?"

"ಹಲ್ಲು. ಬಲಗಡೆ ಮೇಲೆ ಒಂದು ಹುಳುಕಾಗ್ತಿದೆ."

"ಅಷ್ಟು ಹತ್ತಿರದಿಂದ ಯಾವಾಗ ನೋಡಿದ್ರಿ?"

ನಾನು ಜಾರುವ ಹಿಮದಲ್ಲಿ ಬೇಗ ಬೇಗ ನಡೆದೆ. ಅವನು ನನ್ನ ಬೆನ್ನನ್ನೇ ನೋಡುತ್ತಿದ್ದಾನೆ ಎಂದು ತಿರುಗದೆಯೂ ಗೊತ್ತಿತ್ತು. ಖುಷಿಯಾಯಿತು.

ಫೆಬ್ರುವರಿಯಿಡೀ ನಾನು ಹಿಮ ಬೀಳಲೆಂದು ಬೇಡಿಕೊಂಡೆ. ಶಿಕಾಗೋದಲ್ಲಿ ಹುಟ್ಟಿ ಬೆಳೆದವರು ಯಾರೂ ಇಂಥ ಹರಕೆ ಹೊರುವುದಿಲ್ಲ. ಆದರೆ ಮಾರ್ಚ್ ಬಂತು. ಬಿಸಿಲು ಬಂತು. ಬೀದಿಯ ಕುರ್ಚಿಗಳೆಲ್ಲ ಒಂದೊಂದಾಗಿ ಮನೆಯೊಳಗೆ ಹೋದವು. ಚೈನಾಟೌನ್ ಕಡೆಯ ಒಂದು ಸಂಸಾರ ಮನೆ ನೋಡಿ ಮೆಚ್ಚಿತು. ಭಾನುವಾರ ಮಾತು ಮುಗಿಸಲು ಬರುತ್ತೇವೆ ಎಂದರು. ನನಗೆ ಎಫ್ರಾಯಿನ್ ಬೇಕಾಗಿದ್ದ. ಅವನಿಗೆ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ.

ವಿಚಿತ್ರವೆಂದರೆ, ಬೀದಿಯೆಲ್ಲ ಒಣಗಿದ್ದರೂ ಮರಿಯಮ್ಮನ ಸುತ್ತ ಮಾತ್ರ ಹಿಮ ಹಾಗೇ ಇತ್ತು. ಪವಾಡವೆಂದು ಎಲೋದಿಯಾ ಅಜ್ಜಿ ಶಿಲುಬೆ ಗುರುತು ಹಾಕಿಕೊಂಡರು. ಪಕ್ಕದ ಬೀದಿಗಳಿಂದಲೂ ಜನ ಬರತೊಡಗಿದರು.

ಶನಿವಾರ ಬೆಳ್ಳಂಬೆಳಗ್ಗೆ ಬಾಗಿಲು ತೆರೆದರೆ ಪವಾಡ ಕಣ್ಣೆದುರೇ ನಡೆಯುತ್ತಿತ್ತು. ಬಿಸಿಲು ತಾಗದ ಹಿತ್ತಿಲ ಓಣಿಯಿಂದ ಎಫ್ರಾಯಿನ್ ತಳ್ಳುಗಾಡಿ ತುಂಬ ಕೊಳಕು ಹಿಮ ತಂದು ಪ್ರತಿಮೆಯ ಬುಡಕ್ಕೆ ಸುರಿದು ಸಲಿಕೆಯಿಂದ ತಟ್ಟುತ್ತಿದ್ದ.

"ಏನ್ರೀ ಇದು?"

ಅವನು ಕಳ್ಳನಂತೆ ಬೆಚ್ಚಿದ. ಸಲಿಕೆ ಕೈಜಾರಿ ಬಿತ್ತು.

"ಹಿಮ," ಅಂದ.

"ಅದು ಕಾಣತ್ತೆ. ಅಜ್ಜಿಗೆ ಮೋಸ ಮಾಡೋಕೆ ನಾಚ್ಕೆ ಆಗಲ್ವಾ?"

"ಅಜ್ಜಿಗೋಸ್ಕರ ಅಲ್ಲ. ಹಿಮ ಇರೋ ತನಕ ಜಾಗ ನಿಮ್ದು, ಅಲ್ವಾ? ಕರಗಿದ್ರೆ ಕಾರು ಇಲ್ಲಿಗೆ ಬರತ್ತೆ. ಆಮೇಲೆ ಕಾರೂ ಹೋಗತ್ತೆ, ನೀವೂ ಹೋಗ್ತೀರ." ಕೆಳಗೆ ನೋಡುತ್ತ ಹೇಳಿದ, "ನಂಗೆ ಮಾತಾಡೋಕೆ ಬರಲ್ಲ ಡೊರೋಟಾ. ಹೊರೋಕೆ ಬರತ್ತೆ. ಅದಕ್ಕೇ ಹೊರ್ತಾ ಇದ್ದೆ."

ಅವನ ಕೈಗವಸು ತೂತಾಗಿತ್ತು. ಬೆರಳು ಕೆಂಪಾಗಿತ್ತು. ಆ ಬೆರಳನ್ನು ನನ್ನ ಎರಡು ಕೈಗಳಲ್ಲಿ ಮುಚ್ಚಿಕೊಂಡೆ.

"ದಡ್ಡ! ಒಂದು ಮಾತು ಕೇಳಿದ್ರೆ ಆಗ್ತಿತ್ತು. ನಾನು ಎಲ್ಲೂ ಹೋಗಲ್ಲ. ನೀನಂದ್ರೆ ನಂಗೆ ಪ್ರಾಣ."

"ಯಾರದು ಬೆಳಗಾಗೋ ಮುಂಚೆ?" ಮೆಟ್ಟಿಲ ಮೇಲೆ ಅಮ್ಮ! ನೈಟಿಯ ಮೇಲೆ ಕೋಟು, ತಲೆಯಲ್ಲಿ ಕ್ಲಿಪ್ಪುಗಳು.

ಅವನ ಕೈ ಬಿಡಲಿಲ್ಲ. ಜೀವನದಲ್ಲಿ ಮೊದಲ ಸಲ ಅಮ್ಮನ ಮಾತು ಮೀರುತ್ತಿದ್ದೆ. "ಅಮ್ಮಾ, ನಾನು ಲೆಶೆಕ್ ಮನೆಗೆ ಬರಲ್ಲ. ಇವನ ಜೊತೆ ಇಲ್ಲೇ ಇರ್ತೀನಿ. ನೀನು ಬೇಕಾದ್ರೆ ಹೋಗು."

"ನಾನ್ಯಾಕೆ ಹೋಗ್ಲಿ?" ಅಮ್ಮ ಸೊಂಟಕ್ಕೆ ಕೈಯಿಟ್ಟಳು. "ಅಲ್ಲಿ ಮನೆಗೊಂದು ಗ್ಯಾರೇಜು. ಹೊರಗಡೆ ಒಂದು ನರಪಿಳ್ಳೆ ಕಾಣಲ್ಲ, ಜಗಳ ಆಡೋಕೂ ಜನ ಇಲ್ಲ. ಇಲ್ಲಿ ನಾನಿಲ್ದಿದ್ರೆ ಈ ಹೆಂಗಸರು ಮೇಣದಬತ್ತಿನ ಹೂವಿನ ಮೇಲೇ ಇಟ್ಟು ಬೀದಿ ಸುಟ್ಟಾರು. ನೀನು ಹೋಗ್ಬೇಕು ಅಂತಿದ್ದೀಯಾ ಅಂದ್ಕೊಂಡು ನಾನು ಬಾಯಿ ಮುಚ್ಕೊಂಡಿದ್ದೆ."

"ಮತ್ತೆ ನಾಳೆ ಬರೋ ಆ ಸಂಸಾರ?"

"ಬರ್ಲಿ ಪಾಪ, ಕಾಫಿ ಕೊಡೋಣ. ಮೂಲೆಮನೆ ಖಾಲಿ ಇದೆ, ನಾನೇ ಕರ್ಕೊಂಡ್ಹೋಗಿ ತೋರಿಸ್ತೀನಿ. ಒಳ್ಳೆ ಜನ, ಬಿಟ್ಟುಕೊಡಬಾರದು." ಒಳಗೆ ಹೋಗುತ್ತಿದ್ದವಳು ನಿಂತು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. "ಏಯ್, ಮುತ್ತುಗಿತ್ತು ಕೊಡೋದಿದ್ರೆ ದೇವರ ಮುಂದೆ ಬೇಡ. ಬೆನ್ನ ಹಿಂದೆ ಹೋಗಿ."

ಮರಿಯಮ್ಮನ ಬೆನ್ನ ಹಿಂದೆ ಹೋದರೆ ನೇರ ಎದುರಿಗೇ ಎಲೋದಿಯಾ ಅಜ್ಜಿಯ ಕಿಟಕಿ. ಅಜ್ಜಿ ಆಗಲೇ ಪರದೆ ಸರಿಸಿ ಕೂತಿದ್ದರು. ಆದರೂ ನಾವು ಹೋದೆವು.