ಎಳೆದುಕೊಂಡ ಉಸಿರು

ಟಿ. ದಾಸರಹಳ್ಳಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ನಾನು ಪ್ಯಾಕಿಂಗ್ ಕೆಲಸಕ್ಕಿದ್ದಾಗ ನಡೆದದ್ದು ಇದು. ಸೂಪರ್‌ವೈಸರ್ ಮುನಿರಾಜು ಮಾಸ್ಕ್ ಕೊಡದೆ ಸಿದ್ರಾಮಪ್ಪನನ್ನು ಟ್ಯಾಂಕ್ ತೊಳೆಯಲು ಇಳಿಸಿದ. ಸಿದ್ರಾಮಪ್ಪ ಒಳಗೇ ಉಸಿರುಗಟ್ಟಿ ಸತ್ತ. ನೋಡಿದವಳು ನಾನೊಬ್ಬಳೇ.

"ಕುಡಿದು ಬಿದ್ದ ಅಂತ ಹೇಳು ಧನಲಕ್ಷ್ಮಿ. ನಿಜ ಏನಾದ್ರೂ ಉಸಿರು ಬಿಟ್ಟೀಯ, ಹುಷಾರ್," ಎಂದ ಮುನಿರಾಜು. ಕೆಲಸ ಹೋದೀತೆಂಬ ಭಯಕ್ಕೆ ಪೊಲೀಸರಿಗೆ ಹಾಗೇ ಹೇಳಿದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಸಿದ್ರಾಮಪ್ಪನ ಹೆಂಡತಿ ಚಂದ್ರವ್ವ ಕಾರ್ಖಾನೆಗೆ ಬಂದು ನನ್ನ ಮತ್ತು ಮುನಿರಾಜುವಿನ ಎದುರು ನಿಂತಳು.

"ನನ್ನ ಗಂಡ ಒಂದಿನಾನೂ ಕುಡಿದಾಂವ ಅಲ್ರಿ. ಖರೇ ಹೇಳ್ರಿ, ಏನಾತು?"

"ಹೋಗಮ್ಮ, ಕುಡಿದೇ ಸತ್ತಿದ್ದು," ಎಂದ ಮುನಿರಾಜು.

ಆಗ ಮುಚ್ಚಳ ಬಿಗಿದಿದ್ದ ಅದೇ ಖಾಲಿ ಟ್ಯಾಂಕಿನೊಳಗೆ ಯಾರೋ ಉಸಿರು ಎಳೆದುಕೊಂಡ ಸದ್ದಾಯಿತು. ಮತ್ತೆ ಎಳೆದುಕೊಂಡರು. ಮತ್ತೆ. ಒಮ್ಮೆಯೂ ಬಿಡಲಿಲ್ಲ. ನನ್ನ ಮೇಜಿನ ಮೇಲಿದ್ದ ಲೇಬಲ್‌ಗಳು ಟ್ಯಾಂಕಿನ ಕಡೆಗೆ ಸರಿದವು. ಮುನಿರಾಜು ಎದೆ ಹಿಡಿದುಕೊಂಡು ಕುಸಿದ. ನನಗೂ ಉಸಿರು ಸಿಗದಾಯಿತು.

"ಕುಡಿದಿರ್ಲಿಲ್ಲ ಕಣಮ್ಮ! ಇವ್ನೇ ಮಾಸ್ಕ್ ಇಲ್ದೆ ಇಳಿಸ್ದ, ನಾನೇ ನೋಡ್ದೆ!" ಎಂದು ಇದ್ದಬದ್ದ ಉಸಿರಲ್ಲಿ ಚೀರಿದೆ.

ಟ್ಯಾಂಕಿನಿಂದ ಉದ್ದನೆಯ ನಿಟ್ಟುಸಿರೊಂದು ಹೊರಬಿತ್ತು. ನನ್ನ ಎದೆಯ ಬಿಗಿ ಬಿಟ್ಟಿತು.

ಮುನಿರಾಜು ಸಾಯಲಿಲ್ಲ. ನಡೆಯುತ್ತಾನೆ, ಉಣ್ಣುತ್ತಾನೆ. ಆದರೆ ಅವನು ಮಲಗಿದಾಗ ಮೂಗಿನ ಮುಂದೆ ದೀಪ ಹಿಡಿದರೆ ಕುಡಿ ಅಲುಗುವುದಿಲ್ಲವೆಂದು ಅವನ ಹೆಂಡತಿ ಹೇಳಿದಳು. ನಾನೂ ಹೋಗಿ ಹಿಡಿದು ನೋಡಿದೆ. ಅಲುಗಲಿಲ್ಲ.