ಕವಲಿಲ್ಲದ ಕಡೆ ಒಂದು ಎಲೆ

“ನೀವು ಕೊನೇಲಿ ಬನ್ನಿ.”

ಬಡಗಿ ಅಂದದ್ದು ಇಷ್ಟೇ. ಒಂದು ಸೀಟಿಯನ್ನು ಅವಳ ಅಂಗೈಗೆ ಹಾಕಿ, ಸೊಂಟಕ್ಕೆ ಮಚ್ಚು ಸಿಕ್ಕಿಸಿಕೊಂಡು, ಸಾಲಿನ ಮುಂದಕ್ಕೆ ನಡೆದುಬಿಟ್ಟ. ಹನ್ನೊಂದು ಜನರ ಚಾರಣದ ಗುಂಪಿನಲ್ಲಿ ಅವಳ ಕಿವಿ ಮಾತ್ರ ಕೆಂಪಾಯಿತು.

ಶಾಲೆಯ ಸಾಲಿನಲ್ಲಿ ಕೊನೆ. ಗ್ರೂಪ್ ಫೋಟೋದಲ್ಲಿ ಕೊನೆ. ನಕ್ಷೆ ಕಚೇರಿಯಲ್ಲಿ, ಫ್ಯಾನಿನ ಗಾಳಿ ತಲುಪದ ಕೊನೆಯ ಮೇಜು. ಈಗ ಬೆಟ್ಟದಲ್ಲೂ!

“ಅಳ್ಬೇಡ ಕಣೆ,” ಅಂದಳು ಅಕ್ಕ. ನರ್ಸ್ ಆಗಿದ್ದ ಅವಳಿಗೆ ಜನರ ನಾಡಿ ಹಿಡಿಯುವುದು ಉದ್ಯೋಗ, ಕಾಲೆಳೆಯುವುದು ಹವ್ಯಾಸ.

“ನಾನೇನೂ ಅಳ್ತಿಲ್ಲ.”

“ಮತ್ತೆ ಆ ಸೀಟೀನ ಯಾಕೆ ಹಾಗೆ ಹಿಸುಕ್ತಿದೀಯ? ಪಾಪ, ಅದರ ಉಸಿರು ನಿಂತುಹೋಗುತ್ತೆ.”

ಬಡಗಿಗೆ ಪೇಟೆಯಲ್ಲಿ ಸ್ವಂತ ಅಂಗಡಿಯಿತ್ತು. ವಾರವೆಲ್ಲ ಬಾಗಿಲು, ಕಿಟಕಿ. ಭಾನುವಾರ ಬಂತೆಂದರೆ ಬೆಟ್ಟ. ಅಂಗಡಿಯ ಚಪ್ಪಟೆ ಪೆನ್ಸಿಲ್ ಬೆಟ್ಟದಲ್ಲೂ ಅವನ ಕಿವಿಯ ಮೇಲೆಯೇ ಕೂತಿತ್ತು. ಎರಡು ಮಳೆಗಾಲ ಯಾರೂ ತುಳಿಯದ ಏಣು ಅದು, ಬೆಟ್ಟದ ಬೆನ್ನ ಮೇಲಿನ ದಾರಿ. ಆಳೆತ್ತರದ ಜೊಂಡು, ಹೆಣೆದುಕೊಂಡ ಬಳ್ಳಿ, ಎರಡೂ ಕಡೆ ಕಣಿವೆ. ಇಂಥ ಕಡೆ ಗುಂಪಿಗೊಂದು ಪದ್ಧತಿಯಿತ್ತು. ದಾರಿ ಕವಲೊಡೆದಲ್ಲೆಲ್ಲ ಮುಂದಿನವನು ಒಂದು ಜರೀಗಿಡದ ಎಲೆ ಇಡಬೇಕು, ತುದಿ ಹೋಗಬೇಕಾದ ಕಡೆಗೆ. ಎಲ್ಲರೂ ದಾಟಿದ ಮೇಲೆ ಕೊನೆಯವಳು ಅದನ್ನು ಎತ್ತಿಕೊಳ್ಳಬೇಕು. ದಣಿವಾರಿಸಲು ನಿಂತಾಗ, ಇಟ್ಟ ಎಲೆಗೂ ಎತ್ತಿದ ಎಲೆಗೂ ಲೆಕ್ಕ ಕೂಡಿದರೆ ಸರಿ. ಸೀಟಿ ಒಂದಾದರೆ ಎಲ್ಲ ಕ್ಷೇಮ. ಮೂರಾದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು.

ಮೊದಲ ಎರಡು ಎಲೆಗಳನ್ನು ಅವಳು ಸಿಟ್ಟಿನಿಂದಲೇ ಕಿತ್ತುಕೊಂಡಳು. ಮೂರನೆಯದರ ಹತ್ತಿರ ಕೈ ತಡೆಯಿತು. ಗಾಳಿಗೆ ಹಾರದಂತೆ ತೊಟ್ಟಿನ ಮೇಲೊಂದು ಪುಟ್ಟ ಕಲ್ಲು. ನಾಲ್ಕನೆಯದರ ಪಕ್ಕದ ಮುಳ್ಳುಬಳ್ಳಿಯನ್ನು ಯಾರೋ ಆಚೆ ಬಗ್ಗಿಸಿ ಸಿಕ್ಕಿಸಿದ್ದರು, ಎತ್ತುವವಳ ಕೈ ತರಚದಿರಲೆಂದು. ಐದನೆಯ ಎಲೆಯ ಮೇಲೆ ಒಂದು ನಿಂಬೆ ಪೆಪ್ಪರಮೆಂಟು!

ಅವಳು ಆಚೀಚೆ ನೋಡಿದಳು. ಬೆಟ್ಟ ಏನೂ ಗೊತ್ತಿಲ್ಲದಂತೆ ನಿಂತಿತ್ತು.

ಮೂರನೆಯ ಗುಡ್ಡದ ನೆತ್ತಿಯಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ಬಿಚ್ಚಿಕೊಂಡು ಎಲ್ಲರೂ ಕೂತರು. ಅವಳು ಎಲೆಗಳನ್ನು ತಂದು ಅವನ ಮುಂದೆ ಹಿಡಿದಳು.

“ಐದು,” ಅಂದಳು.

“ಐದೇ ಇಟ್ಟಿದ್ದೆ. ಬೇರೇನೂ ಸಿಗ್ಲಿಲ್ವಾ?”

“ಇಲ್ಲ.”

“ಅಯ್ಯೋ! ಹಾಗಾದ್ರೆ ಕೋತಿ ತಿಂದಿರ್ಬೇಕು,” ಅಂದ ಅವನು, ಅವಳ ಕೆನ್ನೆಯಲ್ಲಿ ಉಬ್ಬಿದ್ದ ಪೆಪ್ಪರಮೆಂಟನ್ನೇ ನೋಡುತ್ತ.

ಅಕ್ಕ ಮೊಟ್ಟೆ ಗಂಟಲಿಗೆ ಸಿಕ್ಕಿ ಕೆಮ್ಮಿದಳು. ತಂಗಿ ನಗು ನುಂಗಲು ಹೋಗಿ ಪೆಪ್ಪರಮೆಂಟನ್ನೇ ನುಂಗಿಬಿಟ್ಟಳು.

ಆಗ ಅವನು ಚೀಲದಿಂದ ನಕ್ಷೆ ತೆಗೆದು ಮಂಡಿಯ ಮೇಲೆ ಹರಡಿದ. ಅದು ಅವಳೇ ಬರೆದ ಹಾಳೆ.

“ಇನ್ನು ಮುಂದಿನ ಭಾಗಕ್ಕೆ ನಾನೂ ಹೊಸಬ,” ಅಂದ ಅವನು. “ಆದ್ರೆ ಭಯ ಇಲ್ಲ. ಇದನ್ನ ಬರೆದವರ ಕೈ ನೋಡಿ, ಎಷ್ಟು ಅಚ್ಚುಕಟ್ಟು! ಹೀಗೆ ಗೆರೆ ಎಳೆಯೋರು ನನ್ನ ಅಂಗಡೀಲಿ ಒಬ್ಬರಿದ್ರೆ ಸಾಕಿತ್ತು.”

ಅವಳಿಗೆ ಹೆಮ್ಮೆ ಉಕ್ಕಿತು. ಮರುಕ್ಷಣ ಅದರಲ್ಲಿ ಅಳಿಸಿದ ಒಂದು ಗೆರೆ ನೆನಪಾಯಿತು. ಐದನೆಯ ಗುಡ್ಡದಾಚೆ ಏಣು ಎರಡಾಗಿ ಒಡೆಯುತ್ತದೆ. ಎಡದ್ದು ರಸ್ತೆಗೆ ಇಳಿಯುತ್ತದೆ. ಬಲದ್ದು ಪ್ರಪಾತದಲ್ಲಿ ಮುಗಿಯುತ್ತದೆ. ಅಳತೆಯ ಪುಸ್ತಕದಲ್ಲಿದ್ದಂತೆ ಅವಳು ಎರಡನ್ನೂ ಬರೆದಿದ್ದಳು. ಮೇಲಧಿಕಾರಿ ಕನ್ನಡಕದ ಮೇಲಿಂದ ನೋಡಿ, “ಒಂದು ಬೆನ್ನಿಗೆ ಎರಡು ಬಾಲ ಇರುತ್ತೇನಮ್ಮಾ? ಬಲಗಡೇದು ಅಳಿಸು” ಅಂದಿದ್ದರು. ಇದೆ ಸರ್ ಅನ್ನಲು ಬಾಯಿ ಬರಲಿಲ್ಲ. ಅಳಿಸಿದ್ದಳು.

ಈಗಲೇ ಹೇಳಿಬಿಡಬೇಕು. ಆದರೆ ಈಗಷ್ಟೇ ಹೊಗಳಿದ ಕಣ್ಣುಗಳ ಮುಂದೆ? ಅಲ್ಲಿಗೆ ಹೋದಾಗ ಅವನಿಗೇ ಕಾಣುತ್ತದೆ ಎಂದುಕೊಂಡು ಸುಮ್ಮನಾದಳು.

ಐದನೆಯ ಗುಡ್ಡ ದಾಟುವಾಗ ಮಂಜು ಬಂತು. ಮುಂದಿನವರ ಬೆನ್ನು ಕಾಣದಷ್ಟು ಮಂಜು. ಅವಳು ಪ್ರತಿ ಹೆಜ್ಜೆಗೂ ನೆಲ ನೋಡುತ್ತ ನಡೆದಳು. ಒಂದು ಕಡೆ ಎಡಕ್ಕೆ ಜೊಂಡಿನ ಹಿಂದೆ ನೆಲ ಉಬ್ಬಿಕೊಂಡು ಬೇರೆಯಾಗಿತ್ತು. ಕವಲು!

ಎಲೆಯಿರಲಿಲ್ಲ.

ಎಲೆ ಹೇಗಿದ್ದೀತು? ನಕ್ಷೆಯಲ್ಲಿ ಕವಲೇ ಇಲ್ಲವಲ್ಲ. ಎಡದ್ದು ಮಂಜಿನಲ್ಲಿ ಮರೆಯಾಗಿದ್ದರಿಂದ ಮಚ್ಚಿನ ಹೊಸ ಗುರುತುಗಳು ಬಲಕ್ಕೆ ಹೋಗಿದ್ದವು. ಅಕ್ಕ, ಉಳಿದವರು, ಎಲ್ಲರಿಗಿಂತ ಮುಂದೆ ಅವನು.

ಊದಿದರೆ ಹತ್ತು ಜನರೆದುರು ತನ್ನ ತಪ್ಪು ಒಪ್ಪಿಕೊಳ್ಳಬೇಕು. ಊದದಿದ್ದರೆ? ಅವಳು ಸೀಟಿಯನ್ನು ತುಟಿಗಿಟ್ಟಳು. ಇಪ್ಪತ್ತನಾಲ್ಕು ವರ್ಷ ಕೂಡಿಟ್ಟ ಉಸಿರನ್ನೆಲ್ಲ ಸೇರಿಸಿ ಊದಿದಳು. ಒಂದು. ಎರಡು. ಮೂರು.

ಕಣಿವೆ ಅದನ್ನು ಮತ್ತೆ ಮೂರು ಸಲ ಊದಿತು.

ಸಾಲನ್ನೆಲ್ಲ ದಾಟಿಕೊಂಡು ಅವನು ಓಡಿ ಬಂದ. “ಏನಾಯ್ತು? ಬಿದ್ರಾ?” ಅವಳ ಮುಖದಿಂದ ಪಾದದವರೆಗೂ ಅವನ ಕಣ್ಣುಗಳು ಹುಡುಕಿದವು. ಅವಳು ಎಡಗಡೆಯ ಜೊಂಡನ್ನು ಸರಿಸಿ ತೋರಿಸಿದಳು.

“ಇದು ತಪ್ಪು ದಾರಿ. ಮುಂದೆ ಪ್ರಪಾತ ಇದೆ. ನಾವು ಎಡಕ್ಕೆ ಇಳೀಬೇಕು.”

“ಪ್ರಿಂಟಾದ ನಕ್ಷೇಲಿ ಇಲ್ದೇ ಇರೋದು ನಿಮಗೆ ಹೇಗಮ್ಮ ಗೊತ್ತು?” ಎಂದರು ಹಿಂದೆಯೇ ಬಂದ ನಿವೃತ್ತ ಬ್ಯಾಂಕ್ ಮ್ಯಾನೇಜರ್.

“ಆ ನಕ್ಷೆ ಬರೆದೋಳು ನಾನು. ಈ ಕವಲು ಅಳಿಸಿದೋಳೂ ನಾನೇ. ಅಳಿಸು ಅಂದ್ರು, ಎದುರು ಮಾತಾಡೋ ಧೈರ್ಯ ಇರ್ಲಿಲ್ಲ.”

ಅವಳು ತಲೆ ತಗ್ಗಿಸಲಿಲ್ಲ. ಹಾಗೆ ನಿಂತಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಬಡಗಿ ಸೊಂಟದ ಮಚ್ಚು ತೆಗೆದು, ಹಿಡಿ ಅವಳ ಕಡೆಗೆ ತಿರುಗಿಸಿ ನೀಡಿದ.

“ಮುಂದೆ ನೀವು ನಡೀರಿ. ಸೀಟಿ ನಂಗೆ ಕೊಡಿ.”

ಮ್ಯಾನೇಜರ್ ಮಾತ್ರ ಬಲಕ್ಕೆ, ಮಚ್ಚಿನ ಗುರುತು ಮುಗಿದ ಮೇಲೂ ಹದಿನೈದು ಹೆಜ್ಜೆ ಹೋಗಿ, ಒಂದು ಕಲ್ಲನ್ನು ಮಂಜಿನೊಳಗೆ ಎಸೆದರು. ಸದ್ದಿಲ್ಲ. ಬಹಳ ಹೊತ್ತಿನ ಮೇಲೆ, ಎಲ್ಲೋ ಕೆಳಗೆ, ಠಕ್ ಎಂದಿತು. ಮರಳಿದಾಗ ಅವರ ಮುಖ ಸುಣ್ಣ.

“ಬೀಪಿ ನೋಡ್ಲಾ ಸರ್?” ಎಂದಳು ಅಕ್ಕ. ಆದರೆ ತಂಗಿಯ ತೋಳನ್ನು ಅವಳು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳ ಗುರುತು ಮೂಡಿತ್ತು. “ನನ್ನ ತಂಗಿ ಕಣ್ರೀ ಇವಳು,” ಎಂದು, ಗೊತ್ತಿರುವವರಿಗೇ ಮತ್ತೆ ಹೇಳಿದಳು.

ಅವಳು ಮುಂದೆ ನಡೆದಳು. ಮಚ್ಚು ಭಾರವಾಗಿತ್ತು, ಮೊದಮೊದಲು ಜೊಂಡು ಬಗ್ಗಿತೇ ಹೊರತು ತುಂಡಾಗಲಿಲ್ಲ. ಆಮೇಲೆ ಕೈ ಕಲಿಯಿತು. ಮಂಜು ಹರಿದಂತೆ ಕೆಳಗೆ ರಸ್ತೆ ಸಣ್ಣ ದಾರದಂತೆ ಕಂಡಿತು, ಅವಳು ಎಳೆದ ಜಾಗದಲ್ಲೇ. ಪ್ರತಿ ಕವಲಿಗೂ ಎಲೆಯಿಟ್ಟಳು, ತೊಟ್ಟಿನ ಮೇಲೆ ಪುಟ್ಟ ಕಲ್ಲು ಇಟ್ಟಳು, ಮುಳ್ಳಿದ್ದರೆ ಆಚೆ ಬಗ್ಗಿಸಿದಳು. ಕೊನೆಯಲ್ಲಿ ಬರುವವನು ಅವನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದಾನೆ ಎಂಬುದು ಅವಳಿಗೆ ನೋಡದೆಯೇ ಬೆನ್ನಲ್ಲಿ ತಿಳಿಯುತ್ತಿತ್ತು.

ರಸ್ತೆ ನೂರು ಹೆಜ್ಜೆ ಇದೆ ಅನ್ನುವಾಗ ಅವಳು ನಿಂತಳು. ಅಲ್ಲಿಂದ ಒಂದೇ ದಾರಿ, ಕವಲೇ ಇಲ್ಲ. ಆದರೂ ಒಂದು ಎಲೆ ಇಟ್ಟು, ಪಕ್ಕದ ಬಂಡೆಯ ಮೇಲೆ ಕೂತಳು.

“ನೀವೆಲ್ಲ ನಡೀರಿ,” ಅಂದಳು.

ಅಕ್ಕ ಎಲೆಯನ್ನು ನೋಡಿದಳು, ಬಂಡೆಯನ್ನು ನೋಡಿದಳು. “ಬೇಗ ನಡೀರಿ ಎಲ್ಲಾ! ಇಲ್ಲಿ ಜಿಗಣೆ ಜಾಸ್ತಿ,” ಎಂದು ಗುಂಪನ್ನು ಅಟ್ಟಿಕೊಂಡು ಹೋದಳು.

ಅವನು ಬಂದ. ಎಲೆಯ ಮುಂದೆ ನಿಂತ.

“ಇಲ್ಲಿ ಕವಲೇ ಇಲ್ವಲ್ಲ?”

“ಇಲ್ಲ.”

“ತುದಿ ಬಂಡೆ ಕಡೆ ತಿರುಗಿದೆ.”

“ಹೌದು.”

ಅವನು ಬಗ್ಗಿ ಎಲೆಯನ್ನು ಎತ್ತಿಕೊಂಡು, ಅದು ತೋರಿಸಿದ ಕಡೆ ಬಂದು ಕೂತ. ಬೆವರಿನ ಜೊತೆ ಮರದ ಹುಡಿಯ ವಾಸನೆ.

“ಬೆಳಿಗ್ಗೆ ನನ್ನನ್ನ ಕೊನೇಲಿ ನಿಲ್ಸಿದ್ರಿ,” ಅಂದಳು ಅವಳು. “ಯಾಕೆ?”

“ಅಷ್ಟಕ್ಕೇನಾ ದಾರಿಯಿಡೀ ಆ ಮುಖ?” ಅವನು ನಕ್ಕ. “ಕೊನೇಲಿ ಯಾರನ್ನ ಬೇಕಾದ್ರೂ ನಿಲ್ಸೋಕಾಗಲ್ಲ. ಬಸ್ಸಿಂದ ಇಳಿದ್ಮೇಲೆ ಎಲ್ಲರೂ ಇಳಿದ್ರಾ ಅಂತ ತಿರುಗಿ ನೋಡಿದ್ದು ನೀವೊಬ್ಬರೇ. ನೋಡಿದೆ. ಇವರು ಬೆನ್ನ ಹಿಂದಿದ್ರೆ ನಾನು ಎಷ್ಟು ದೂರ ಬೇಕಾದ್ರೂ ಹೋಗ್ಬಹುದು ಅನ್ನಿಸ್ತು.” ಎಲೆಯ ತೊಟ್ಟನ್ನು ತಿರುಗಿಸುತ್ತ, “ಈಗ ಮುಂದಿದ್ರೂ ಹಾಗೇ ಅನ್ನಿಸ್ತಿದೆ,” ಅಂದ.

ಅವಳು ಈ ಸಲ ಕಣ್ಣು ತಗ್ಗಿಸಲಿಲ್ಲ. ತಗ್ಗಿಸಿದವನು ಅವನು.

“ನಕ್ಷೆ ಕೊಡಿ,” ಅಂದಳು.

ಅವನು ಹಾಳೆಯನ್ನು ಅವಳ ಮಂಡಿಯ ಮೇಲೆ ಹರಡಿ, ಕಿವಿಯ ಮೇಲಿನ ಪೆನ್ಸಿಲ್ ಕೊಟ್ಟ. ಅವಳು ಐದನೆಯ ಗುಡ್ಡದಾಚೆ, ಅಳಿಸಿದ ಜಾಗದಲ್ಲಿ, ಒಂದೇ ಉಸಿರಿಗೆ ಬಲಗಡೆಯ ಏಣನ್ನು ಬರೆದಳು. ನಾಳೆ ಮೇಲಧಿಕಾರಿಯ ಮೇಜಿನ ಮೇಲೆ ಇಡುವುದು ಇದೇ ಹಾಳೆ.

“ಸೈನ್ ಹಾಕಿ,” ಅಂದ ಅವನು.

ಇಷ್ಟು ವರ್ಷ ಅವಳ ಯಾವ ಹಾಳೆಯ ಮೇಲೂ ಅವಳ ಹೆಸರಿರಲಿಲ್ಲ. ದೊಡ್ಡದಾಗಿಯೇ ಬರೆದಳು.

ಕೆಳಗಿನಿಂದ ಅಕ್ಕನ ಕೂಗು ಬಂತು, ಬಸ್ಸು ಬಂದಿದೆಯೆಂದು. ಅವಳು ಎದ್ದು, ಪೆನ್ಸಿಲನ್ನು ತನ್ನ ಕಿವಿಯ ಮೇಲೆ ಸಿಕ್ಕಿಸಿಕೊಂಡು ಮುಂದೆ ನಡೆದಳು.

“ರೀ, ಅದು ನಂದು!”

“ಗೊತ್ತು,” ಅಂದಳು ತಿರುಗದೆ. “ಸೀಟಿ ಊದಿ. ಕೊನೆಯವರು ನೀವು.”

ಅವನು ಊದಿದ, ಒಂದೇ ಸಲ, ಎಲ್ಲ ಕ್ಷೇಮ ಎಂದು. ಕಣಿವೆ ಹೌದೆಂದಿತು.